ಕಿಡ್ನಿ ಸ್ಟೋನ್ ಆಪರೇಷನ್‌ನಲ್ಲಿ ನೀರಿನ ಒತ್ತಡ ನೋಡಿಕೊಳ್ಳುವುದು ಹೇಗೆ? ಓಟಿಗೆ ಹೊಸಬರಾದವರಿಗೆ

ಸೆಕೆಗಾಲ ಶುರುವಾದರೆ ಮಂಗಳೂರು, ಉಡುಪಿಯ ಆಸ್ಪತ್ರೆಗಳಲ್ಲಿ ಯುರಾಲಜಿ ಓಟಿ ಲಿಸ್ಟ್ ಉದ್ದವಾಗುತ್ತದೆ. ಬೆವರು ಜಾಸ್ತಿ, ಕುಡಿಯುವ ನೀರು ಕಡಿಮೆ, ಮೂತ್ರ ಗಟ್ಟಿ. ಮಲ್ಪೆಯ ಬೋಟಿನವರು, ಗಲ್ಫಿನಿಂದ ರಜೆಗೆ ಬಂದವರು, ಸುಳ್ಯ-ಪುತ್ತೂರು ಕಡೆಯ ತೋಟದವರು ಪಕ್ಕೆ ಹಿಡಿದುಕೊಂಡು ಬರುತ್ತಾರೆ. ಹೆಚ್ಚಿನವರ ಕಲ್ಲನ್ನು ಈಗ ದೊಡ್ಡ ಗಾಯ ಮಾಡದೆ ತೆಗೆಯುತ್ತಾರೆ. ಮೂತ್ರದ ದಾರಿಯಲ್ಲೇ ಬಳುಕುವ ಸ್ಕೋಪ್ ಒಯ್ದು ಲೇಸರ್‌ನಿಂದ ಪುಡಿ ಮಾಡಿದರೆ ಆರ್‌ಐಆರ್‌ಎಸ್. ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ಒಡೆದು ತೆಗೆದರೆ ಪಿಸಿಎನ್‌ಎಲ್. ಕಲ್ಲು ಮೂತ್ರನಾಳದಲ್ಲೇ ಇದ್ದರೆ ಯುಆರ್‌ಎಸ್. ಮೂರಕ್ಕೂ ಆಪರೇಷನ್ ಮುಗಿಯುವವರೆಗೆ ಸಲೈನ್ ಹರಿಯುತ್ತಲೇ ಇರಬೇಕು. ನೀರಿಲ್ಲದಿದ್ದರೆ ಕಲ್ಲು ಕಾಣುವುದಿಲ್ಲ, ರಕ್ತ ಸ್ವಲ್ಪ ಬಂದರೂ ಸ್ಕ್ರೀನ್ ಪೂರ್ತಿ ಕೆಂಪು.

ಓಟಿಗೆ ಹೊಸದಾಗಿ ಸೇರಿದ ನರ್ಸ್‌ಗಳು, ಟೆಕ್ನಿಷಿಯನ್‌ಗಳು, ಯುರಾಲಜಿ ಪೋಸ್ಟಿಂಗ್‌ಗೆ ಬಂದ ಪಿಜಿಗಳು, ಈ ಬರಹ ನಿಮಗೆ. ಸ್ಕೋಪ್ ಹಿಡಿಯುವುದನ್ನು, ಲೇಸರ್ ಸೆಟ್ ಮಾಡುವುದನ್ನು ಎಲ್ಲರೂ ಆಸೆಯಿಂದ ಕಲಿಯುತ್ತಾರೆ. ನೀರಿನ ವಿಷಯ ಮಾತ್ರ ‘ಬ್ಯಾಗ್ ಹಾಕಿ ಸಿಸ್ಟರ್’ ಅನ್ನುವುದರಲ್ಲೇ ಮುಗಿದುಹೋಗುತ್ತದೆ. ಆದರೆ ಆಪರೇಷನ್ ಚೆನ್ನಾಗಿ ಆಗಿ, ಕಲ್ಲು ಪೂರ್ತಿ ಹೋಗಿ, ರಾತ್ರಿ ರೋಗಿ ಐಸಿಯುಗೆ ಹೋದರೆ ಅದರ ಹಿಂದೆ ಅನೇಕ ಸಲ ಇರುವುದು ಇದೇ ನೀರು. ಇಲ್ಲಿ ಕೊಟ್ಟ ಅಳತೆಗಳು ನಿಮಗೆ ಲೆಕ್ಕ ಗೊತ್ತಾಗಲಿ ಅಂತ. ಯಾವ ರೋಗಿಗೆ ಎಷ್ಟು ಅನ್ನುವ ತೀರ್ಮಾನ ಸರ್ಜನ್ ಮತ್ತು ಅನಸ್ತೇಷಿಯಾ ಡಾಕ್ಟರದ್ದು.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಕಿಡ್ನಿಯ ಒಳಗೆ ಮೂತ್ರ ಬಂದು ಸೇರುವ ಜಾಗಕ್ಕೆ ಪೆಲ್ವಿಸ್ ಅನ್ನುತ್ತೇವೆ. ತುಂಬಾ ಸಣ್ಣ ಜಾಗ ಅದು. ದೊಡ್ಡವರಲ್ಲೂ ಕೆಲವೇ ಎಂಎಲ್ ಹಿಡಿಯುತ್ತದೆ. ಮಾಮೂಲಿಯಾಗಿ ಅಲ್ಲಿನ ಒತ್ತಡ ಬಹಳ ಕಡಿಮೆ, ಸುಮಾರು 10 ಎಂಎಂ ಮರ್ಕ್ಯುರಿ ಆಸುಪಾಸು. ಬಿಪಿ ನೋಡುವ ಅದೇ ಅಳತೆ.

ಸುಮಾರು 30ರಿಂದ 40 ಎಂಎಂ ದಾಟಿದರೆ ನೀರು ಹಿಂದಕ್ಕೆ ನುಗ್ಗಲು ಶುರುಮಾಡುತ್ತದೆ. ಪೆಲ್ವಿಸ್‌ನಿಂದ ಕಿಡ್ನಿಯ ಕೊಳವೆಗಳಿಗೆ, ರಕ್ತನಾಳಗಳಿಗೆ, ಲಿಂಫ್ ನಾಳಗಳಿಗೆ ಸೇರುತ್ತದೆ. ಅಮೆರಿಕದ ಯುರಾಲಜಿಸ್ಟ್ ಫ್ರ್ಯಾಂಕ್ ಹಿನ್ಮನ್ 1920ರ ದಶಕದಲ್ಲೇ ಇದನ್ನು ತೋರಿಸಿದ್ದರು. ಆ ನೀರಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅವು ನೇರವಾಗಿ ರಕ್ತಕ್ಕೆ ಹೋಗುತ್ತವೆ. ಕಲ್ಲಿನ ಒಳಗೇ ಬ್ಯಾಕ್ಟೀರಿಯಾ ಕೂತಿರುವುದುಂಟು. ಮೂತ್ರದ ಕಲ್ಚರ್ (ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್) ನೆಗೆಟಿವ್ ಬಂದಿದ್ದರೂ ಕಲ್ಲು ಒಡೆದಾಗ ಅವು ಹೊರಗೆ ಬರುತ್ತವೆ. ಆಪರೇಷನ್ ಆದ ಮೇಲೆ ಚಳಿ-ಜ್ವರ, ಸೆಪ್ಸಿಸ್ (ಸೋಂಕು ಮೈಯೆಲ್ಲ ಏರಿ ಜೀವಕ್ಕೆ ಅಪಾಯವಾಗುವುದು) ಬರುವ ಒಂದು ಮುಖ್ಯ ದಾರಿ ಇದು. ಒತ್ತಡ ಇನ್ನೂ ಏರಿದರೆ ಪೆಲ್ವಿಸ್‌ನ ಅಂಚು ಹರಿದು ನೀರು ಕಿಡ್ನಿಯ ಹೊರಗೆ ಸೋರಬಹುದು. ಕಿಡ್ನಿಯ ಕವಚದ ಕೆಳಗೆ ರಕ್ತ ಕಟ್ಟಿಕೊಳ್ಳಲೂಬಹುದು.

30-40 ಅನ್ನುವುದನ್ನು ಗೆರೆ ಅಂತ ತಿಳಿಯಬೇಡಿ. 29 ಇದ್ದರೆ ಸೇಫ್, 41 ಆದರೆ ಅಪಾಯ ಅಂತ ಇಲ್ಲ. ಎಷ್ಟು ಹೊತ್ತು ಏರಿತ್ತು, ಸೋಂಕು ಇತ್ತಾ, ಕಿಡ್ನಿ ಹೇಗಿದೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಲ್ಲು ಕಾಣುವಷ್ಟು ನೀರು, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ. ಇದೊಂದು ಅಭ್ಯಾಸವಾದರೆ ಸಾಕು.

ಹಿಂದಿನ ದಿನ ನೋಡಬೇಕಾದ್ದು

ಫೈಲ್ ತೆಗೆದಾಗ ಮೊದಲು ಮೂತ್ರದ ಕಲ್ಚರ್ ರಿಪೋರ್ಟ್ ಹುಡುಕಿ. ಬರೀ ರುಟೀನ್ ಸಾಲದು, ಕಲ್ಚರ್ ಬೇಕು. ಪಾಸಿಟಿವ್ ಬಂದಿದ್ದರೆ ಸರಿಯಾದ ಆಂಟಿಬಯೋಟಿಕ್ ಕೊಟ್ಟಾಗಿದೆಯೇ ನೋಡಿ. ರಿಪೋರ್ಟ್ ಬಂದೇ ಇಲ್ಲದಿದ್ದರೆ ‘ನಾಳೆ ಬರಬಹುದು’ ಅಂತ ಸುಮ್ನೆ ಬಿಡಬೇಡಿ. ಲ್ಯಾಬ್‌ಗೆ ಫೋನ್ ಮಾಡಿ ಕೇಳಿ, ಡಾಕ್ಟರಿಗೆ ತಿಳಿಸಿ.

ಯಾರಲ್ಲಿ ಅಪಾಯ ಜಾಸ್ತಿ? ಶುಗರ್ ಇದ್ದವರು, ಹೆಂಗಸರು, ಪದೇ ಪದೇ ಮೂತ್ರದ ಸೋಂಕು ಆದವರು, ದೊಡ್ಡ ಕಲ್ಲು ಇದ್ದವರು, ಸೋಂಕಿನಿಂದಲೇ ಬೆಳೆದ ಸ್ಟ್ರುವೈಟ್ ಕಲ್ಲಿನವರು, ಮೊದಲೇ ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಚೀಲದವರೆಗೆ ಒಳಗೆ ಇಡುವ ಸಪೂರ ಕೊಳವೆ) ಅಥವಾ ಬೆನ್ನಿನಿಂದ ಕಿಡ್ನಿಗೆ ಹಾಕಿದ ಟ್ಯೂಬ್ ಇದ್ದವರು. ನಮ್ಮ ಕರಾವಳಿಯಲ್ಲಿ ಒಂದು ಮಾತು ಬಾಯಿಬಿಟ್ಟು ಕೇಳಲೇಬೇಕು: ‘ಸ್ಟೆಂಟ್ ಯಾವಾಗ ಹಾಕಿದ್ದು?’ ಊರಿಗೆ ಬಂದಾಗ ನೋವಿಗೆ ಸ್ಟೆಂಟ್ ಹಾಕಿಸಿಕೊಂಡು, ರಜೆ ಮುಗಿಯಿತೆಂದು ಗಲ್ಫಿಗೆ ಹೋಗಿ, ಮುಂದಿನ ರಜೆಗೆ ಬರುವವರಿದ್ದಾರೆ. ತಿಂಗಳುಗಟ್ಟಲೆ ಇದ್ದ ಸ್ಟೆಂಟ್ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿರುತ್ತದೆ, ಎಷ್ಟೋ ಸಲ ಕಲ್ಲೂ ಕೂತಿರುತ್ತದೆ. ಅಂಥವರ ಹೆಸರಿನ ಎದುರು ಓಟಿ ಲಿಸ್ಟ್‌ನಲ್ಲೇ ಗುರುತು ಹಾಕಿ. ಅವರ ಕೇಸಿನಲ್ಲಿ ನೀರಿನ ಮೇಲೆ ಕಣ್ಣು ಇನ್ನೂ ಬಿಗಿಯಾಗಿರಬೇಕು.

ಆಪರೇಷನ್‌ಗೆ ಮೊದಲಿನ ಆಂಟಿಬಯೋಟಿಕ್ ಡೋಸ್ ಶುರುಮಾಡುವ ಮೊದಲಿನ ಒಂದು ಗಂಟೆಯೊಳಗೆ ಹೋಗಿರಬೇಕು. ಹೆಚ್ಚಿನವಕ್ಕೆ ಇದೇ ನಿಯಮ. ವಾರ್ಡಿನಲ್ಲಿ ಬೆಳಗ್ಗೆ 7ಕ್ಕೆ ಕೊಟ್ಟು, ರೋಗಿ ಟೇಬಲ್ ಮೇಲೆ ಬಂದದ್ದು 11ಕ್ಕೆ ಅಂತಾದರೆ ಅನಸ್ತೇಷಿಯಾ ಡಾಕ್ಟರಿಗೆ ಹೇಳಿ.

ಯಾವ ನೀರು, ಎಷ್ಟು ಬೆಚ್ಚಗೆ

ನಾರ್ಮಲ್ ಸಲೈನ್, 0.9%. ಕಲ್ಲಿನ ಕೇಸಿಗೆ ಇದೇ. ಡಿಸ್ಟಿಲ್ಡ್ ವಾಟರ್ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣ ಒಡೆಯುತ್ತವೆ, ಸೋಡಿಯಂ ಇಳಿಯುತ್ತದೆ. ಪ್ರಾಸ್ಟೇಟ್ ಕೇಸಿಗೆ ಬಳಸುವ ಗ್ಲೈಸಿನ್ ಬ್ಯಾಗ್ ಅದೇ ರ‍್ಯಾಕ್‌ನಲ್ಲಿ ಇರುತ್ತದೆ, ನೋಡಲು ಒಂದೇ ಥರ. ಲೇಬಲ್ ಓದಿ, ಜೋರಾಗಿ ಹೇಳಿ, ಆಮೇಲೆ ನೇತುಹಾಕಿ.

ಪಿಸಿಎನ್‌ಎಲ್‌ನಲ್ಲಿ ಲೀಟರ್‌ಗಟ್ಟಲೆ ನೀರು ಹೋಗುತ್ತದೆ. ಎಸಿ ಓಟಿಯಲ್ಲಿ ಒದ್ದೆಯಾಗಿ ಮಲಗಿದ ರೋಗಿಯ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೆ ವಾರ್ಮರ್‌ನಲ್ಲಿ ಸುಮಾರು 37 ಡಿಗ್ರಿಗೆ ಬೆಚ್ಚಗೆ ಮಾಡಿದ ಸಲೈನ್ ಬಳಸಿ. ಲೇಸರ್ ಜೋರಾಗಿ ಓಡಿಸುವ ಆರ್‌ಐಆರ್‌ಎಸ್‌ನಲ್ಲಿ ಬೇರೆ ಲೆಕ್ಕ. ಅಲ್ಲಿ ನೀರು ಕಿಡ್ನಿಯನ್ನು ತಂಪಾಗಿಡುವ ಕೆಲಸವನ್ನೂ ಮಾಡುತ್ತದೆ, ಹಾಗಾಗಿ ಓಟಿಯ ತಾಪಮಾನದ ಸಲೈನ್ ಸಾಕು ಅನ್ನುವ ಸರ್ಜನ್‌ಗಳಿದ್ದಾರೆ. ಕೇಳಿ ಹಾಕಿ. ಬ್ಯಾಗ್ ಮುಟ್ಟಿ ನೋಡಿ ‘ಬೆಚ್ಚಗಿದೆ’ ಅನ್ನುವುದು ಅಳತೆ ಅಲ್ಲ, ವಾರ್ಮರ್‌ನ ತಾಪಮಾನ ನೋಡಿ.

ಬ್ಯಾಗಿನ ಎತ್ತರ: ಈ ಲೆಕ್ಕ ಬಾಯಿಪಾಠ ಇರಲಿ

ಮನೆಯ ತಾರಸಿಯ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಕೆಳಗಿನ ನಲ್ಲಿ ತೆರೆದಿದ್ದರೆ ನೀರು ಹರಿದುಹೋಗುತ್ತಿರುತ್ತದೆ. ನಲ್ಲಿ ಮುಚ್ಚಿದರೆ ಟ್ಯಾಂಕಿನ ಪೂರ್ತಿ ಎತ್ತರದ ಒತ್ತಡ ನಲ್ಲಿಯ ಮೇಲೆ ಕೂರುತ್ತದೆ. ಸಲೈನ್ ಬ್ಯಾಗ್ ಮತ್ತು ಕಿಡ್ನಿಯ ನಡುವೆಯೂ ಹಾಗೆಯೇ. ಹೊರಗೆ ಬರುವ ದಾರಿ ಚೆನ್ನಾಗಿ ತೆರೆದಿದ್ದರೆ ಕಿಡ್ನಿಯೊಳಗಿನ ಒತ್ತಡ ಬ್ಯಾಗಿನ ಎತ್ತರಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ದಾರಿ ಮುಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಎತ್ತರದ ಹತ್ತಿರ ಹೋಗುತ್ತದೆ.

ಪಾದರಸ ನೀರಿಗಿಂತ 13.6 ಪಟ್ಟು ಭಾರ. ಅದರಿಂದ 1 ಎಂಎಂ ಮರ್ಕ್ಯುರಿ ಅಂದರೆ 1.36 ಸೆಂ.ಮೀ. ನೀರಿನ ಎತ್ತರ. ಬ್ಯಾಗ್ ಕಿಡ್ನಿಯಿಂದ 40 ಸೆಂ.ಮೀ. ಮೇಲಿದ್ದರೆ ಅತಿ ಹೆಚ್ಚೆಂದರೆ 29 ಎಂಎಂ. 60 ಸೆಂ.ಮೀ. ಆದರೆ 44. 80 ಆದರೆ 59. ಒಂದು ಮೀಟರ್ ಆದರೆ 74. ಈಗ ನಿಮ್ಮ ಓಟಿಯ ಸ್ಟ್ಯಾಂಡ್ ನೋಡಿ. ಬ್ಯಾಗ್ ಎಷ್ಟು ಎತ್ತರದಲ್ಲಿ ತೂಗುತ್ತಿದೆ? ‘ಇರಲಿ, ಸ್ಪೀಡಾಗಿ ಹೋಗಲಿ’ ಅಂತ ಸ್ಟ್ಯಾಂಡನ್ನು ತುದಿವರೆಗೆ ಎಳೆದಿಟ್ಟಿದ್ದರೆ ಅದು ಒಂದು ಮೀಟರ್ ದಾಟಿಯೇ ಇರುತ್ತದೆ.

ಅಳೆಯಬೇಕಾದದ್ದು ನೆಲದಿಂದ ಅಲ್ಲ, ರೋಗಿಯ ಕಿಡ್ನಿಯ ಮಟ್ಟದಿಂದ. ಅಂಗಾತ ಮಲಗಿದವರಲ್ಲಿ ಎದೆಯ ಪಕ್ಕದ ನಡುಗೆರೆಯನ್ನು ಹಿಡಿದರೆ ಹತ್ತಿರದ ಲೆಕ್ಕ ಸಿಗುತ್ತದೆ. ಡ್ರಿಪ್ ಚೇಂಬರ್‌ನಲ್ಲಿ ನೀರು ಎಲ್ಲಿವರೆಗೆ ನಿಂತಿದೆಯೋ ಅಲ್ಲಿಂದ ಹಿಡಿಯಬೇಕೋ, ಬ್ಯಾಗಿನೊಳಗಿನ ನೀರಿನ ಮಟ್ಟದಿಂದ ಹಿಡಿಯಬೇಕೋ ಅಂತ ಕೇಳುತ್ತಾರೆ. ಸೆಟ್ ಪೂರ್ತಿ ತೆರೆದು ನೀರು ಎಡೆಬಿಡದೆ ತುಂಬಿ ಹರಿಯುತ್ತಿದ್ದರೆ ಬ್ಯಾಗಿನ ನೀರಿನ ಮಟ್ಟವನ್ನೇ ಹಿಡಿಯಿರಿ. ಸೇಫ್ ಕಡೆಗೇ ಇರುತ್ತೀರಿ.

ನಾನು ಹೊಸಬರಿಗೆ ಮೊದಲು ಮಾಡಿಸುವ ಕೆಲಸ ಇದು. ಸ್ಟ್ಯಾಂಡ್ ಕಂಬಕ್ಕೆ ಮೂರು ಬಣ್ಣದ ಟೇಪ್ ಸುತ್ತಿ, ಟೇಬಲ್ ಮಾಮೂಲಿ ಎತ್ತರದಲ್ಲಿದ್ದಾಗ 40, 60, 80 ಸೆಂ.ಮೀ. ಎಲ್ಲಿ ಬರುತ್ತದೆ ಅಂತ ಗುರುತು ಮಾಡಿ. ಆಮೇಲೆ ಸರ್ಜನ್ ‘ಸ್ವಲ್ಪ ಮೇಲೆ ಮಾಡಿ’ ಅಂದರೆ ನೀವು ‘60ಕ್ಕೆ ಹಾಕಿದೆ ಸರ್’ ಅಂತ ಹೇಳಬಹುದು. ಸ್ವಲ್ಪ ಅಂದರೆ ಎಷ್ಟು ಅನ್ನುವ ಗೊಂದಲ ಇರುವುದಿಲ್ಲ. ಟೇಬಲ್ ಏರಿಸಿದರೆ, ಇಳಿಸಿದರೆ ಲೆಕ್ಕ ಬದಲಾಗುತ್ತದೆ ಅನ್ನುವುದು ನೆನಪಿರಲಿ. ಟೇಬಲ್ 20 ಸೆಂ.ಮೀ. ಇಳಿಸಿದಿರಿ, ಬ್ಯಾಗ್ ಮುಟ್ಟಲಿಲ್ಲ ಅಂದರೆ ಒತ್ತಡಕ್ಕೆ ಸುಮಾರು 15 ಎಂಎಂ ಸೇರಿಸಿದ ಹಾಗಾಯಿತು.

ಪ್ರೆಶರ್ ಬ್ಯಾಗ್, ಸಿರಿಂಜ್, ಪಂಪ್

ಪ್ರೆಶರ್ ಬ್ಯಾಗ್ ಅಂದರೆ ಸಲೈನ್ ಬ್ಯಾಗಿನ ಸುತ್ತ ಹಾಕಿ, ಗಾಳಿ ಊದಿ ಹಿಂಡುವ ಚೀಲ. ಅದನ್ನು 150 ಎಂಎಂಗೆ ಊದಿದರೆ 2 ಮೀಟರ್‌ಗಿಂತ ಎತ್ತರದಲ್ಲಿ ಬ್ಯಾಗ್ ತೂಗುಹಾಕಿದ್ದಕ್ಕೆ ಸಮ. 300ಕ್ಕೆ ಊದಿದರೆ 4 ಮೀಟರ್, ಅಂದರೆ ಓಟಿಯ ಚಾವಣಿಗಿಂತಲೂ ಮೇಲೆ! ಸ್ಕೋಪಿನ ಸಪೂರ ಚಾನೆಲ್‌ನಲ್ಲಿ ಹಾದುಬರುವಾಗ ಬಹಳಷ್ಟು ಒತ್ತಡ ಕಳೆದುಹೋಗುತ್ತದೆ, ನಿಜ. ಆದರೆ ಔಟ್‌ಫ್ಲೋ, ಅಂದರೆ ನೀರು ಹೊರಗೆ ಬರುವ ಹರಿವು, ಕಟ್ಟಿದ ಕ್ಷಣ ಆ ಲೆಕ್ಕ ನಡೆಯುವುದಿಲ್ಲ. ಬ್ಯಾಗ್ ಖಾಲಿಯಾಗುತ್ತಾ ಹೋದಂತೆ ಒತ್ತಡ ಇಳಿಯುತ್ತದೆ, ಸ್ಕ್ರೀನ್ ಮಬ್ಬಾಗುತ್ತದೆ, ಯಾರೋ ಬಂದು ಬಲ್ಬ್ ಜೋರಾಗಿ ಒತ್ತುತ್ತಾರೆ, ಒಮ್ಮೆಗೇ ಒತ್ತಡ ಏರುತ್ತದೆ. ಪ್ರೆಶರ್ ಬ್ಯಾಗ್ ಬಳಸಲೇಬೇಕಾದರೆ ಗೇಜ್ ನೋಡುತ್ತಾ ಊದುವುದು ಒಬ್ಬರೇ ಇರಲಿ. ಕಂಡವರೆಲ್ಲ ಒತ್ತುವುದು ಬೇಡ ಮಾರಾಯ್ರೆ.

ಕೈಯಲ್ಲಿ ಒತ್ತುವ ಪಂಪ್, ಸಿರಿಂಜ್ ಇನ್ನೂ ಜಾಗ್ರತೆಯ ವಸ್ತು. ಒಂದೇ ಒತ್ತಿಗೆ ಕಿಡ್ನಿಯೊಳಗಿನ ಒತ್ತಡ 100 ಎಂಎಂ ದಾಟಿಬಿಡಬಹುದು. ಸಿರಿಂಜ್ ಚಿಕ್ಕದಾದಷ್ಟೂ ಅದೇ ಬೆರಳಿನ ಬಲಕ್ಕೆ ಒತ್ತಡ ಜಾಸ್ತಿ. ಒತ್ತುವ ಕೆಲಸ ನಿಮ್ಮ ಕೈಗೆ ಬಂದರೆ ಹೀಗೆ ಮಾಡಿ: ಸರ್ಜನ್ ಹೇಳಿದಾಗ ಮಾತ್ರ ಒತ್ತಿ, ನಿಧಾನ ಒತ್ತಿ, ಒತ್ತುತ್ತಿರುವುದನ್ನು ಬಾಯಲ್ಲಿ ಹೇಳಿ. ಒಮ್ಮೆ ಒತ್ತಿದ ನೀರು ಶೀತ್‌ನಿಂದ (ಸ್ಕೋಪ್ ಹಾದುಹೋಗುವ ಹೊರಕೊಳವೆ) ಹೊರಗೆ ಬಂದದ್ದನ್ನು ನೋಡಿ, ಆಮೇಲೆ ಇನ್ನೊಂದು ಒತ್ತು.

ಆಟೋಮ್ಯಾಟಿಕ್ ಪಂಪ್ ಇರುವ ಕಡೆ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮಾಮೂಲಿ ಪಂಪಿನ ಸ್ಕ್ರೀನ್‌ನಲ್ಲಿ ಕಾಣುವ ಅಂಕಿ ಪೈಪಿನೊಳಗಿನದ್ದು, ಕಿಡ್ನಿಯೊಳಗಿನದ್ದಲ್ಲ. ಕಿಡ್ನಿಯೊಳಗೆ ಎಷ್ಟಿದೆ ಅಂತ ಹೇಳಬೇಕಾದರೆ ಸ್ಕೋಪಿನ ಅಥವಾ ಶೀತ್‌ನ ತುದಿಯಲ್ಲಿ ಸೆನ್ಸರ್ ಬೇಕು. ಅಂಥವು ಈಗ ಬಂದಿವೆ, ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಹೊರಗೆ ಬರುವ ನೀರನ್ನು ನೋಡಿಯೇ ತಿಳಿದುಕೊಳ್ಳಬೇಕು.

ಶೀತ್ ಮತ್ತು ಸ್ಕೋಪಿನ ಜೋಡಿ

ಆರ್‌ಐಆರ್‌ಎಸ್‌ನಲ್ಲಿ ಮೂತ್ರನಾಳಕ್ಕೆ ಹಾಕುವ ಆಕ್ಸೆಸ್ ಶೀತ್‌ನಿಂದ ಸ್ಕೋಪ್ ಸಲೀಸಾಗಿ ಹೋಗಿಬರುತ್ತದೆ, ಸ್ಕೋಪಿನ ಸುತ್ತಲಿನ ಸಂದಿಯಲ್ಲಿ ನೀರೂ ಹೊರಗೆ ಬರುತ್ತದೆ. ಈ ಸಂದಿಯೇ ಮುಖ್ಯ.

ಸೈಜ್ ಫ್ರೆಂಚ್‌ನಲ್ಲಿ ಇರುತ್ತದೆ, 3 ಫ್ರೆಂಚ್ ಅಂದರೆ 1 ಮಿ.ಮೀ. ಪ್ಯಾಕೆಟ್ ಮೇಲೆ 10/12 ಅಂತ ಇದ್ದರೆ ಒಳಗಿನ ಅಗಲ 10, ಹೊರಗಿನದು 12. ಸ್ಕೋಪಿನ ದಪ್ಪವನ್ನು ಶೀತ್‌ನ ಒಳ ಅಗಲದಿಂದ ಭಾಗಿಸಿ. ಉತ್ತರ 0.75 ಅಥವಾ ಅದಕ್ಕಿಂತ ಕಡಿಮೆ ಬಂದರೆ ನೀರು ಹೊರಗೆ ಬರಲು ಒಳ್ಳೆಯ ಜಾಗ ಇದೆ ಅಂತ. 7.5 ಫ್ರೆಂಚ್ ಸ್ಕೋಪಿಗೆ 10/12 ಶೀತ್ ಹಾಕಿದರೆ ಸರಿಯಾಗಿ 0.75. ಅದೇ ಶೀತ್‌ಗೆ 9.5 ಫ್ರೆಂಚ್ ಸ್ಕೋಪ್ ತೂರಿಸಿದರೆ 0.95, ಸಂದಿಯೇ ಇಲ್ಲ. ಸ್ಕೋಪ್ ಒಳಗೆ ಹೋಗುತ್ತದೆ, ಕಲ್ಲೂ ಕಾಣುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ನೀರು ಮಾತ್ರ ಒಳಗೇ ಸೇರುತ್ತಿರುತ್ತದೆ. ಸ್ಕೋಪ್ ಮತ್ತು ಶೀತ್ ತೆರೆಯುವ ಮೊದಲೇ ಈ ಭಾಗಾಕಾರ ಮಾಡಿ, ಹೊಂದದಿದ್ದರೆ ಹೇಳಿ. ತೆರೆದ ಮೇಲೆ ಹೇಳಿದರೆ ಅಷ್ಟು ದುಡ್ಡಿನ ಸಾಮಾನು ವಾಪಸ್ ಹೋಗುವುದಿಲ್ಲ, ಆ ಬಿಲ್ಲು ರೋಗಿಯ ಮನೆಯವರ ತಲೆಗೆ.

ಹಾಗಂತ ದೊಡ್ಡ ಶೀತ್ ಎಲ್ಲರಿಗೂ ಆಗುವುದಿಲ್ಲ. ಮೂತ್ರನಾಳ ಬಿಗಿಯಿದ್ದರೆ ಬಲವಂತ ಮಾಡಬಾರದು, ಹರಿದುಹೋಗುತ್ತದೆ. ಸ್ಟೆಂಟ್ ಹಾಕಿ ಒಂದೆರಡು ವಾರ ಬಿಟ್ಟು ಬಂದರೆ ನಾಳ ಸಡಿಲವಾಗಿರುತ್ತದೆ. ‘ಇನ್ನೊಮ್ಮೆ ಬರಬೇಕಾ?’ ಅಂತ ಮನೆಯವರು ಬೇಸರ ಮಾಡಿಕೊಂಡಾಗ ಇದನ್ನು ಸಮಾಧಾನದಿಂದ ಬಿಡಿಸಿ ಹೇಳಿ.

ಶೀತ್‌ನ ತುದಿ ಎಲ್ಲಿದೆ ಅಂತ ಸಿ-ಆರ್ಮ್‌ನಲ್ಲಿ (ಓಟಿಯ ಎಕ್ಸ್‌ರೇ ಯಂತ್ರ) ನೋಡುತ್ತಾರೆ. ಪೆಲ್ವಿಸ್‌ಗೆ ಹತ್ತಿರ, ನಾಳದ ಮೇಲ್ಭಾಗದಲ್ಲಿ ಇರಬೇಕು. ಕೆಲಸ ಮಾಡುತ್ತಾ ಅದು ಕೆಳಗೆ ಜಾರಿದರೆ ಮೇಲಿನ ನಾಳ ಸ್ಕೋಪಿಗೆ ಅಂಟಿಕೊಂಡು ದಾರಿ ಮುಚ್ಚುತ್ತದೆ. ಶೀತ್ ಎಷ್ಟು ಹೊರಗೆ ಉಳಿದಿತ್ತು ಅಂತ ಮೊದಲೇ ಕಣ್ಣಲ್ಲಿ ಅಳೆದಿಟ್ಟರೆ ಜಾರಿದ್ದು ನಿಮಗೇ ಮೊದಲು ಗೊತ್ತಾಗುತ್ತದೆ. ಈಗ ಸಕ್ಷನ್ ಇರುವ, ತುದಿ ಬಳುಕುವ ಶೀತ್‌ಗಳು ಬಂದಿವೆ. ಒತ್ತಡ ಇಳಿಸಲು, ಪುಡಿ ಎಳೆದುಕೊಳ್ಳಲು ತುಂಬಾ ಉಪಯೋಗ. ಅಲ್ಲೂ ಸಕ್ಷನ್ ಪೈಪ್ ಮಡಚಿದ್ದರೆ, ಪುಡಿಯಿಂದ ಕಟ್ಟಿದ್ದರೆ ಫಲವಿಲ್ಲ.

ಸ್ಕೋಪ್ ಮೊದಲು ಒಳಗೆ ಹೋದಾಗ

ಪೆಲ್ವಿಸ್ ತಲುಪಿದ ಕೂಡಲೇ ನೀರು ಬಿಡುವ ಮೊದಲು ಅಲ್ಲಿನ ಮೂತ್ರ ಸ್ವಲ್ಪ ಎಳೆದು ಕಲ್ಚರ್‌ಗೆ ಕಳಿಸುವುದು ಒಳ್ಳೆಯ ಪದ್ಧತಿ. ಸ್ಟೆರೈಲ್ ಬಾಟಲಿ ಟ್ರಾಲಿ ಮೇಲೆ ಸಿದ್ಧ ಇರಲಿ. ಬಂದ ಮೂತ್ರ ಕದಡಿದ್ದರೆ, ಕೀವು ಇದ್ದರೆ ಅಲ್ಲಿಗೇ ನಿಲ್ಲಿಸಬೇಕು. ತೊಳೆದು ಮುಂದುವರಿಸುವ ಮಾತೇ ಇಲ್ಲ. ಡಿಜೆ ಸ್ಟೆಂಟ್ ಅಥವಾ ಬೆನ್ನಿನಿಂದ ಟ್ಯೂಬ್ ಹಾಕಿ, ಸ್ಯಾಂಪಲ್ ಕಳಿಸಿ, ಆಂಟಿಬಯೋಟಿಕ್ ಮೇಲೆ ಇಟ್ಟು, ಸೋಂಕು ಇಳಿದ ಮೇಲೆ ಕಲ್ಲಿಗೆ ಬರುತ್ತಾರೆ. ಆ ನಿರ್ಧಾರ ಮಾಡಿದ ಸರ್ಜನ್‌ಗೆ ಓಟಿಯಲ್ಲಿ ಎಲ್ಲರೂ ಬೆಂಬಲವಾಗಿ ನಿಲ್ಲಬೇಕು. ಲಿಸ್ಟ್ ತಡವಾಯಿತು ಅಂತ ಗೊಣಗುವ ಜಾಗ ಅಲ್ಲ ಅದು.

ನಡುವೆ ನಿಮ್ಮ ಕಣ್ಣು ಎಲ್ಲಿರಬೇಕು

ಸರ್ಜನ್‌ರ ಕಣ್ಣು ಸ್ಕ್ರೀನ್ ಮೇಲೆ. ಅವರಿಗೆ ಬ್ಯಾಗ್ ಕಾಣುವುದಿಲ್ಲ, ಡ್ರೇಪಿನ ಕೆಳಗೆ ಎಷ್ಟು ಸುರಿಯುತ್ತಿದೆ ಅಂತಲೂ ಕಾಣುವುದಿಲ್ಲ. ಅದನ್ನು ನೋಡುವವರು ನೀವು ಮಾತ್ರ. ಹಾಗಾಗಿ ಸ್ಕ್ರೀನ್ ನೋಡುವ ಆಸೆ ಬಿಟ್ಟು ಎರಡು ಜಾಗ ನೋಡಿ: ಡ್ರಿಪ್ ಚೇಂಬರ್ ಮತ್ತು ಶೀತ್‌ನ ಹೊರತುದಿ.

ಎಲ್ಲ ಸರಿ ಇದ್ದಾಗ ಶೀತ್‌ನ ತುದಿಯಿಂದ ನೀರು ಒಂದೇ ಸಮನೆ ಬರುತ್ತದೆ. ಡಸ್ಟಿಂಗ್ (ಲೇಸರ್‌ನಿಂದ ಕಲ್ಲನ್ನು ಪುಡಿ ಮಾಡುವುದು) ಶುರುವಾದ ಮೇಲೆ ಅದರಲ್ಲಿ ಬೂದಿ ಬಣ್ಣದ ಪುಡಿ ತೇಲಿಕೊಂಡು ಬರುವುದು ಕಾಣುತ್ತದೆ. ಒಂದು ಹೊತ್ತಿನಲ್ಲಿ ಆ ಧಾರೆ ಸಪೂರವಾಗುತ್ತದೆ. ಆಮೇಲೆ ಹನಿ. ಆಮೇಲೆ ಹನಿಯೂ ತಡೆದು ತಡೆದು. ಚೇಂಬರ್‌ನಲ್ಲಿ ಮಾತ್ರ ನೀರು ಇಳಿಯುತ್ತಲೇ ಇದೆ. ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಆ ಕ್ಷಣ ಹೇಳಿಬಿಡಬೇಕು: ‘ಸರ್, ಔಟ್‌ಫ್ಲೋ ನಿಂತಿದೆ.’ ಕ್ಲಾಂಪ್ ಹತ್ತಿರ ಕೈ ಇರಲಿ, ಅವರು ಹೂಂ ಅಂದ ಕೂಡಲೇ ಇನ್‌ಫ್ಲೋ ನಿಲ್ಲಿಸಿ. ಸರ್ಜನ್ ಸ್ಕೋಪನ್ನು ಸ್ವಲ್ಪ ಹಿಂದೆ ಎಳೆಯುತ್ತಾರೆ, ಪುಡಿ ಕಟ್ಟಿದ್ದರೆ ನುಗ್ಗಿ ಬರುತ್ತದೆ. ಶೀತ್ ಜಾರಿದೆಯಾ ನೋಡುತ್ತಾರೆ. ಧಾರೆ ಮತ್ತೆ ಶುರುವಾದ ಮೇಲೆ ಇನ್‌ಫ್ಲೋ ತೆರೆಯಿರಿ.

ಹಿರಿಯ ಡಾಕ್ಟರ್ ಕೆಲಸ ಮಾಡುತ್ತಿರುವಾಗ ನಡುವೆ ಬಾಯಿ ಹಾಕುವುದು ಹೇಗೆ ಅಂತ ಹೊಸಬರಿಗೆ ಸಂಕೋಚ ಆಗುತ್ತದೆ. ಅರ್ಥವಾಗುತ್ತದೆ. ಕೇಸ್ ಶುರುವಾಗುವ ಮೊದಲೇ ಕೇಳಿಟ್ಟುಕೊಳ್ಳಿ: ‘ಸರ್, ನೀರು ಹೊರಗೆ ಬರದಿದ್ದರೆ ಕೂಡಲೇ ಹೇಳಲಾ?’ ಬೇಡ ಅನ್ನುವ ಸರ್ಜನ್ ಇರಲಾರರು. ಆಮೇಲೆ ನೀವು ಹೇಳುವುದು ಅವರೇ ಕೊಟ್ಟ ಕೆಲಸ.

ಮೂತ್ರಚೀಲವನ್ನೂ ಮರೆಯಬಾರದು. ಶೀತ್ ಇಲ್ಲದೆ ಮಾಡುವ ಕೇಸಿನಲ್ಲಿ ಬಂದ ನೀರೆಲ್ಲ ಮೂತ್ರಚೀಲ ಸೇರುತ್ತದೆ. ಅದು ತುಂಬಿ ಬಿಗಿಯಾದರೆ ಮೇಲಿನಿಂದ ನೀರು ಇಳಿಯುವುದು ಕಷ್ಟ. ಪಕ್ಕದಲ್ಲಿ ಒಂದು ಸಣ್ಣ ಟ್ಯೂಬ್ ಇಟ್ಟು ಖಾಲಿ ಮಾಡುತ್ತಿರಬೇಕು. ನಾಳದ ಕಲ್ಲಿನ ಯುಆರ್‌ಎಸ್‌ನಲ್ಲಿ ನೀರು ಕಡಿಮೆ ಬಿಡಲು ಇನ್ನೊಂದು ಕಾರಣವೂ ಇದೆ. ಜೋರಾಗಿ ಬಿಟ್ಟರೆ ಕಲ್ಲೇ ಮೇಲಕ್ಕೆ ಓಡಿ ಕಿಡ್ನಿ ಸೇರುತ್ತದೆ. ಸಣ್ಣ ಆಪರೇಷನ್ ದೊಡ್ಡದಾಗುತ್ತದೆ.

ಚಾನೆಲ್‌ನಲ್ಲಿ ಏನಾದರೂ ಇದ್ದರೆ ಹರಿವು ತಾನಾಗಿಯೇ ಇಳಿಯುತ್ತದೆ. ಬಳುಕುವ ಸ್ಕೋಪಿನ ಚಾನೆಲ್ ಸಾಮಾನ್ಯವಾಗಿ 3.6 ಫ್ರೆಂಚ್, ಅಂದರೆ 1.2 ಮಿ.ಮೀ. ಅದರಲ್ಲಿ ಲೇಸರ್ ಫೈಬರ್ ಅಥವಾ ಬಾಸ್ಕೆಟ್ (ಕಲ್ಲಿನ ಚೂರು ಹಿಡಿಯುವ ತಂತಿ ಬುಟ್ಟಿ) ಕೂತರೆ ನೀರಿಗೆ ಜಾಗ ಎಷ್ಟು ಉಳಿಯಿತು? ಸಪೂರ ಫೈಬರ್ ಆರಿಸಿದರೆ ಹರಿವು ಉಳಿಯುತ್ತದೆ, ಒತ್ತಡ ಏರಿಸುವ ಅಗತ್ಯ ಬೀಳುವುದಿಲ್ಲ. ಬಾಸ್ಕೆಟ್ ಹಾಕಿದಾಗ ಮಬ್ಬಾಯಿತೆಂದು ಬ್ಯಾಗ್ ಏರಿಸಿದ್ದರೆ, ಬಾಸ್ಕೆಟ್ ಹೊರಗೆ ಬಂದ ಕೂಡಲೇ ಇಳಿಸಿ. ಏರಿಸುವುದು ಎಲ್ಲರಿಗೂ ನೆನಪಿರುತ್ತದೆ, ಇಳಿಸುವುದು ಮರೆತುಹೋಗುತ್ತದೆ.

ಲೇಸರ್ ಓಡುವಾಗ ನೀರು ನಿಲ್ಲಬಾರದು

ಒತ್ತಡ ಕಡಿಮೆ ಇರಲಿ ಅಂದೆ. ಹಾಗಂತ ನೀರೇ ನಿಂತರೆ ಬೇರೆ ಅಪಾಯ. ಲೇಸರ್‌ನ ಶಕ್ತಿ ಶಾಖವಾಗುತ್ತದೆ. ಜೂಲ್ ಮತ್ತು ಹರ್ಟ್ಜ್ ಗುಣಿಸಿದರೆ ವ್ಯಾಟ್ ಸಿಗುತ್ತದೆ. 0.5 ಜೂಲ್, 20 ಹರ್ಟ್ಜ್ ಅಂದರೆ 10 ವ್ಯಾಟ್. 1 ಜೂಲ್, 40 ಹರ್ಟ್ಜ್ ಅಂದರೆ 40 ವ್ಯಾಟ್. ಕೆಲವೇ ಎಂಎಲ್ ನೀರಿರುವ ಜಾಗದಲ್ಲಿ 40 ವ್ಯಾಟ್ ಓಡುತ್ತಾ ನೀರು ಬದಲಾಗದಿದ್ದರೆ ಸೆಕೆಂಡುಗಳ ಲೆಕ್ಕದಲ್ಲಿ ಬಿಸಿಯಾಗುತ್ತದೆ. 43 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಜೀವಕೋಶಗಳು ಬೇಗ ಬೇಗ ಸಾಯುತ್ತವೆ.

ಅದಕ್ಕೆ ಬ್ಯಾಗ್ ಖಾಲಿಯಾಗುವವರೆಗೆ ಕಾಯಬೇಡಿ. ವೈ-ಸೆಟ್‌ನಲ್ಲಿ (ಎರಡು ಬ್ಯಾಗಿಗೆ ಕವಲೊಡೆದ ಪೈಪ್) ಎರಡನೇ ಬ್ಯಾಗ್ ಅದೇ ಎತ್ತರಕ್ಕೆ ಸಿದ್ಧ ಇರಲಿ. ಸ್ವಲ್ಪ ಉಳಿದಿರುವಾಗಲೇ ‘ಬ್ಯಾಗ್ ಬದಲಿಸುತ್ತಿದ್ದೇನೆ ಸರ್’ ಅಂತ ಹೇಳಿ ಬದಲಿಸಿ. ಲೈನ್‌ನಲ್ಲಿ ಗಾಳಿ ಹೋದರೆ ಗುಳ್ಳೆ ಬಂದು ಏನೂ ಕಾಣುವುದಿಲ್ಲ. ಯಾವ ಕಾರಣಕ್ಕೇ ಆಗಲಿ ನೀರು ನಿಂತರೆ ಮೊದಲ ಮಾತು ‘ನೀರು ನಿಂತಿದೆ, ಲೇಸರ್ ನಿಲ್ಲಿಸಿ.’ ಪೆಡಲ್‌ನಿಂದ ಕಾಲು ತೆಗೆದ ಮೇಲೆ ಉಳಿದದ್ದು.

ಒತ್ತಡ ಇಳಿಸಬೇಕು, ಶಾಖವೂ ಏರಬಾರದು ಅಂದರೆ ಎರಡೇ ದಾರಿ. ಹೊರಗೆ ಹೋಗುವ ದಾರಿಯನ್ನು ದೊಡ್ಡದು ಮಾಡುವುದು, ಇಲ್ಲವೇ ಲೇಸರ್‌ನ ಪವರ್ ಇಳಿಸಿ ನಡುನಡುವೆ ಬಿಟ್ಟು ಬಿಟ್ಟು ಓಡಿಸುವುದು. ಬ್ಯಾಗ್ ಏರಿಸುವುದು ಕೊನೆಯ ಉಪಾಯ.

ಪಿಸಿಎನ್‌ಎಲ್‌ನಲ್ಲಿ ಬೇರೆ ಏನು ನೋಡಬೇಕು

ಬೆನ್ನಿನ ತೂತಿನಲ್ಲಿ ದೊಡ್ಡ ಆಂಪ್ಲಾಟ್ಜ್ ಶೀತ್, ಉದಾಹರಣೆಗೆ 30 ಫ್ರೆಂಚ್, ಹಾಕಿದ್ದರೆ ನೀರು ಸಲೀಸಾಗಿ ಹೊರಗೆ ಬೀಳುತ್ತದೆ, ಒತ್ತಡ ಕಡಿಮೆಯೇ. ಮಿನಿ ಪಿಸಿಎನ್‌ಎಲ್‌ನಲ್ಲಿ ಶೀತ್ ಸಪೂರ, ಹಾಗಾಗಿ ಒತ್ತಡ ಏರುವ ಸಾಧ್ಯತೆ ಜಾಸ್ತಿ. ಕಲ್ಲಿನ ಚೂರು ಶೀತ್‌ನ ಬಾಯಿಗೆ ಕೂತರೂ ಅಷ್ಟೇ. ಮೂತ್ರನಾಳಕ್ಕೆ ಹಾಕಿದ ಕ್ಯಾಥೆಟರ್‌ನಿಂದ ಕೆಳಗಿನಿಂದಲೂ ಸಲೈನ್ ಒತ್ತುವುದುಂಟು, ಚೂರುಗಳು ಹೊರಗೆ ಬರಲಿ ಅಂತ. ಆಗ ಮೇಲಿನಿಂದ ಬಿಡುವ ನೀರನ್ನು ತಗ್ಗಿಸಬೇಕಾ ಅಂತ ಕೇಳಿ.

ಇಲ್ಲಿ ಹೋದದ್ದೆಷ್ಟು, ಬಂದದ್ದೆಷ್ಟು ಲೆಕ್ಕ ಬರೆಯಲೇಬೇಕು. ಗೋಡೆಯ ಬೋರ್ಡಿನಲ್ಲಿ ಪ್ರತಿ 3 ಲೀಟರ್ ಬ್ಯಾಗಿಗೂ ಒಂದು ಗೆರೆ, ಎದುರಿಗೆ ಸಮಯ. ಡ್ರೇಪಿನ ಚೀಲ ಮತ್ತು ಸಕ್ಷನ್ ಬಾಟಲಿಯಲ್ಲಿ ಬಂದದ್ದು ಇನ್ನೊಂದು ಸಾಲು. ನೆಲಕ್ಕೆ ಚೆಲ್ಲಿದ್ದು ಲೆಕ್ಕಕ್ಕೆ ಸಿಗುವುದಿಲ್ಲ, ಸರಿ. ಆದರೆ ಒಂದು ಲೀಟರ್ ಕಾಣೆಯಾಗಿದೆ, ನೆಲ ಒಣಗಿಯೇ ಇದೆ ಅಂದರೆ ಅದು ರೋಗಿಯ ಒಳಗಿದೆ. ಶೀತ್ ಕಿಡ್ನಿಯಿಂದ ಜಾರಿ ಹೊರಗೆ ಬಂದಿದ್ದರೆ ನೀರು ಕಿಡ್ನಿಯ ಸುತ್ತ, ಹೊಟ್ಟೆಯೊಳಗೆ ತುಂಬುತ್ತದೆ. ಪಕ್ಕೆಲುಬಿನ ಮೇಲಿನಿಂದ ತೂತು ಮಾಡಿದ್ದರೆ ಎದೆಗೂಡಿಗೂ ಸೇರಬಹುದು. ಹೊಟ್ಟೆ ಉಬ್ಬಿ ಬಿಗಿಯಾಗುವುದು, ವೆಂಟಿಲೇಟರ್‌ನಲ್ಲಿ ಗಾಳಿಯ ಒತ್ತಡ ಏರುವುದು, ಆಕ್ಸಿಜನ್ ಇಳಿಯುವುದು ಇದರ ಸೂಚನೆಗಳು. ಅನಸ್ತೇಷಿಯಾ ಡಾಕ್ಟರ್ ತಲೆಯ ಕಡೆ ಇದನ್ನು ನೋಡುತ್ತಿರುತ್ತಾರೆ, ನಿಮ್ಮ ಲೆಕ್ಕ ಅವರಿಗೆ ಕೇಳುವ ಹಾಗೆ ಹೇಳಿ.

ಗಡಿಯಾರ

ಒತ್ತಡ ಎಷ್ಟು ಅನ್ನುವುದರಷ್ಟೇ ಎಷ್ಟು ಹೊತ್ತು ಅನ್ನುವುದೂ ಮುಖ್ಯ. ಸ್ಕೋಪ್ ಒಳಗೆ ಹೋದ ಸಮಯ ಬರೆದು, 60 ನಿಮಿಷಕ್ಕೆ ಒಮ್ಮೆ, 90ಕ್ಕೆ ಇನ್ನೊಮ್ಮೆ ಜೋರಾಗಿ ಹೇಳಿ. ಅದಕ್ಕಿಂತ ಉದ್ದ ಹೋದಷ್ಟೂ ಸೋಂಕಿನ ಅಪಾಯ ಏರುತ್ತದೆ. ಉಳಿದ ಕಲ್ಲನ್ನು ಇನ್ನೊಂದು ದಿನಕ್ಕೆ ಬಿಡುವುದು ಸೋಲಲ್ಲ.

ವಾರ್ಡಿಗೆ ಕಳಿಸಿದ ಮೇಲೆ

ಮೊದಲ ಆರು ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೈ ನಡುಗುವ ಚಳಿ, 38 ಡಿಗ್ರಿ ದಾಟಿದ ಜ್ವರ ಅಥವಾ 36ಕ್ಕಿಂತ ಕೆಳಗಿಳಿದ ಮೈ, ನಾಡಿ 90ರ ಮೇಲೆ, ಉಸಿರು ನಿಮಿಷಕ್ಕೆ 20 ದಾಟಿದ್ದು, ಮೇಲಿನ ಬಿಪಿ 100ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದದ್ದು, ಮಾತಿನಲ್ಲಿ ಗೊಂದಲ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ‘ಓಟಿಯ ಎಸಿಗೆ ಚಳಿಯಾಗಿದೆ’ ಅಂತ ಕಂಬಳಿ ಹೊದಿಸಿ ಬಿಡಬೇಡಿ, ಡಾಕ್ಟರನ್ನು ಕರೆಯಿರಿ. ಬಿಪಿ ಇಳಿದಿದ್ದರೆ ಎರಡನೆಯದಕ್ಕೆ ಕಾಯುವುದೇ ಬೇಡ. ಸೆಪ್ಸಿಸ್‌ನಲ್ಲಿ ಮೊದಲ ಗಂಟೆ ದೊಡ್ಡದು. ಹ್ಯಾಂಡ್‌ಓವರ್‌ನಲ್ಲಿ ಬರೀ ‘ಆರ್‌ಐಆರ್‌ಎಸ್ ಆಗಿದೆ’ ಅಂತ ಬರೆದರೆ ವಾರ್ಡಿನ ಸಿಸ್ಟರ್‌ಗೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಹೊತ್ತು ಆಯಿತು, ಎಷ್ಟು ಲೀಟರ್ ಹೋಯಿತು, ಔಟ್‌ಫ್ಲೋ ತೊಂದರೆ ಬಂದಿತ್ತಾ, ಮೂತ್ರ ಕದಡಿತ್ತಾ, ಇಷ್ಟನ್ನು ಬರೆಯಿರಿ.

ಕ್ಯಾಥೆಟರ್ ಮಡಚಿರಬಾರದು. ಒಳಗೆ ಡಿಜೆ ಸ್ಟೆಂಟ್ ಇದ್ದವರಲ್ಲಿ ಮೂತ್ರಚೀಲ ತುಂಬಿದರೆ ಮೂತ್ರ ಸ್ಟೆಂಟ್ ಮೂಲಕ ವಾಪಸ್ ಕಿಡ್ನಿಗೆ ಏರುತ್ತದೆ. ಓಟಿಯಲ್ಲಿ ಅಷ್ಟು ಕಷ್ಟಪಟ್ಟು ಇಳಿಸಿದ ಒತ್ತಡ ವಾರ್ಡಿನಲ್ಲಿ ಮತ್ತೆ ಏರಿದ ಹಾಗಾಗುತ್ತದೆ. ಕ್ಯಾಥೆಟರ್ ತೆಗೆದ ಮೇಲೂ ಮೂತ್ರ ತಡೆಹಿಡಿಯಬೇಡಿ ಅಂತ ಹೇಳಿಕೊಡಿ.

ಮನೆಗೆ ಹೋಗುವಾಗ ರೋಗಿಗೂ, ಜೊತೆಗೆ ಬಂದವರಿಗೂ ಒಟ್ಟಿಗೆ ಕೂರಿಸಿ ಹೇಳಿ, ಅವರಿಗೆ ಯಾವ ಭಾಷೆ ಸಲೀಸೋ ಅದರಲ್ಲೇ. ತುಳು, ಬ್ಯಾರಿ, ಕೊಂಕಣಿ ಗೊತ್ತಿರುವ ಸಿಸ್ಟರ್ ಇದ್ದೇ ಇರುತ್ತಾರೆ. ಸ್ಟೆಂಟ್ ಇರುವಷ್ಟು ದಿನ ಮೂತ್ರ ಸ್ವಲ್ಪ ಕೆಂಪಾಗುವುದು, ಪಕ್ಕೆ ಎಳೆದಂತಾಗುವುದು ಮಾಮೂಲಿ. ಚಳಿ-ಜ್ವರ ಬಂದರೆ, ಮೂತ್ರ ಕಟ್ಟಿದರೆ, ಗಡ್ಡೆ ಗಡ್ಡೆ ರಕ್ತ ಹೋದರೆ ರಾತ್ರಿಯೇ ಹತ್ತಿರದ ಕ್ಯಾಶುವಾಲಿಟಿಗೆ ಹೋಗಬೇಕು. ಬೈಂದೂರಿನಲ್ಲೋ ಸುಬ್ರಹ್ಮಣ್ಯದಲ್ಲೋ ಇರುವವರು ಬೆಳಗಿನ ಬಸ್ಸಿಗೆ ಕಾಯಬಾರದು. ಡಿಸ್ಚಾರ್ಜ್ ಕಾರ್ಡಿನ ಮೇಲ್ಭಾಗದಲ್ಲಿ ಸ್ಟೆಂಟ್ ತೆಗೆಸುವ ದಿನಾಂಕವನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸ್ಟೆಂಟ್ ರಿಜಿಸ್ಟರ್‌ನಲ್ಲಿ ಎರಡು ಫೋನ್ ನಂಬರ್ ತೆಗೆದುಕೊಳ್ಳಿ, ಅದರಲ್ಲಿ ಒಂದು ಊರಿನಲ್ಲೇ ಇರುವವರದ್ದು. ರೋಗಿ ದುಬೈ ವಿಮಾನ ಹತ್ತಿದ್ದರೂ ಮನೆಯಲ್ಲಿ ಫೋನ್ ಎತ್ತಿ ‘ಸ್ಟೆಂಟ್ ತೆಗೆಸಿಯೇ ಹೋದನಾ ಇಲ್ಲವಾ’ ಅಂತ ಹೇಳುವವರು ಒಬ್ಬರು ಬೇಕು.